ದೊಡ್ಡಪ್ಪನ ಬಾಗಿಲ ಉಬ್ಬು

ಆ ಉಬ್ಬು ಹಾಕಿಸಿದ್ದು ಆಡುಗಳಿಗೋಸ್ಕರವಂತೆ! ವೆಂಕಟಾಚಲಂ ಹಾಗೆಂದು ಊರಿಗೆಲ್ಲ ಹೇಳಿಕೊಂಡು ಬಂದರು. ಓಣಿಯಲ್ಲಿ ಗಾಡಿಗಳು ಕಣ್ಣುಮುಚ್ಚಿಕೊಂಡು ಓಡುತ್ತವೆ, ಆಡುಮರಿಗಳು ಚಕ್ರಕ್ಕೆ ಸಿಗುತ್ತವೆ, ಅದಕ್ಕೇ ತಮ್ಮ ಬಾಗಿಲ ಮುಂದೆ ಈ ಗೋಡೆಯಿಂದ ಆ ಗೋಡೆಯವರೆಗೆ ಕಾಂಕ್ರೀಟಿನ ಒಂದು ದಿಂಡು. ಅಲ್ಲಾ ಸ್ವಾಮಿ, ಪಲ್ಲಡಂ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಆ ಓಣಿಯಲ್ಲಿ ಇರುವುದೇ ಎರಡು ಮನೆ. ಮೊದಲನೆಯದು ವೆಂಕಟಾಚಲಂ ಅವರದು. ಕೊನೆಯದು ಅವರ ತೀರಿಹೋದ ತಮ್ಮ ಶಣ್ಮುಗಂ ಅವರದು, ಅದರಾಚೆ ಕಾಲುವೆ. ಹಾಲಿನವನ ಮೊಪೆಡ್ಡು, ಗ್ಯಾಸಿನ ಆಟೋ ಬಿಟ್ಟರೆ ಅಲ್ಲಿ ಓಡಾಡುವುದು ಶಣ್ಮುಗಂ ಮಗಳು ಸತ್ಯಾಳ ಗಾಡಿಗಳು ಮಾತ್ರ: ಕೆಲಸಕ್ಕೊಂದು ಪಿಕಪ್ಪು, ರೇಸಿಗೊಂದು ನೀಲಿ ಕಾರು. ಇನ್ನು ಆಡುಗಳ ವಿಷಯ. ವೆಂಕಟಾಚಲಂ ಅವರ ಮನೆಯಲ್ಲಿ ಆಡುಗಳೇ ಇರಲಿಲ್ಲ.

ಆ ನೀಲಿ ಕಾರಿನ ಬಗ್ಗೆ ಹೇಳಲೇಬೇಕು. ಇಬ್ಬರೇ ಕೂರಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. ಎಲ್ಲೋ ಅಪಘಾತವಾಗಿ ಮೂತಿ ಒಡೆದುಕೊಂಡು ಗುಜರಿಗೆ ಬಿದ್ದದ್ದನ್ನು ಸತ್ಯಾ ಎತ್ತಿಕೊಂಡು ಬಂದಿದ್ದಳು. ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಅವಳದೊಂದು ಸಣ್ಣ ಶಾಪು. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಆ ಮೋಟಾರುಗಳ ನಡುವೆಯೇ ಕಾರನ್ನು ಇಟ್ಟುಕೊಂಡು, ರಜೆಯ ದಿನಗಳನ್ನೆಲ್ಲ ಅದಕ್ಕೆ ಸುರಿದು, ಒಂದೊಂದು ನಟ್ಟನ್ನೂ ತಾನೇ ಬಿಗಿದು ಅದನ್ನು ಮತ್ತೆ ಓಡುವ ಹಾಗೆ ಮಾಡಿ ಮನೆಗೆ ತಂದಿದ್ದಳು. ಚೆಲುವೆ ಕಾರು, ಸುಳ್ಳು ಹೇಳಬಾರದು. ಆದರೆ ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಕೈಯನ್ನು ಅಡ್ಡಲಾಗಿ ಇಟ್ಟರೆ ನಾಲ್ಕು ಬೆರಳು ಹಿಡಿಸುತ್ತವೆ, ಐದನೆಯದು ತೂರುವುದಿಲ್ಲ. ದೊಡ್ಡ ರಸ್ತೆಯ ಉಬ್ಬುಗಳನ್ನು ಓರೆಯಾಗಿ ಹತ್ತಿಸಿ, ಒಂದೊಂದೇ ಚಕ್ರವಾಗಿ ಇಳಿಸಿಕೊಂಡು ಅವಳು ಹೇಗೋ ದಾಟಿಬಿಡುತ್ತಿದ್ದಳು. ಈ ಓಣಿಯಲ್ಲಿ ಓರೆಯಾಗುವುದಕ್ಕೆ ಜಾಗವಿಲ್ಲ, ಎರಡೂ ಕಡೆ ಕಾಂಪೌಂಡು ಗೋಡೆ. ಉಬ್ಬನ್ನೋ ಕತ್ತೆಯ ಬೆನ್ನಿನ ಹಾಗೆ ಎತ್ತರವಾಗಿ, ಚೂಪಾಗಿ ಕಟ್ಟಿಸಿದ್ದರು. ಗೊತ್ತಿದ್ದೇ ಕಟ್ಟಿಸಿದ್ದರು.

ಅವರಿಗೆ ಅಷ್ಟೊಂದು ಹೊಟ್ಟೆಯುರಿ ಯಾಕೆ ಅಂದರೆ, ಹಿಂದಿನ ವರ್ಷ ಕೊಯಮತ್ತೂರಿನಾಚೆಯ ಟ್ರ್ಯಾಕಿನಲ್ಲಿ ಸತ್ಯಾ ಎರಡನೆಯವಳಾಗಿ ಬಂದಳು. ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನಗುತ್ತಿರುವ ಅವಳ ಫೋಟೋ ತಮಿಳು ಪತ್ರಿಕೆಯೊಂದರಲ್ಲಿ ಬಂತು. ಆ ವಾರವೇ ತಿರುಪ್ಪೂರಿನ ಒಂದು ಮದುವೆಯಲ್ಲಿ, ಬನಿಯನ್ ವ್ಯಾಪಾರದ ದೊಡ್ಡ ದೊಡ್ಡ ಕುಳಗಳೆಲ್ಲ ಕೂತಿದ್ದ ಪಂಕ್ತಿಯಲ್ಲಿ, ಯಾರೋ ಒಬ್ಬರು ವೆಂಕಟಾಚಲಂ ಅವರನ್ನು ಕೇಳಿದರಂತೆ: "ನಿಮ್ಮ ತಮ್ಮನ ಮಗಳು ಗಂಡಸರ ಜೊತೆ ಕಾರು ಓಡಿಸ್ತಾಳಂತಲ್ಲ, ಮನೆಯಲ್ಲಿ ಹೇಳೋರು ಕೇಳೋರು ಯಾರೂ ಇಲ್ವಾ?" ಅಷ್ಟೇ. ಅಂದು ಎಲೆಯ ಮುಂದಿನಿಂದ ಅರ್ಧಕ್ಕೇ ಎದ್ದ ಮನುಷ್ಯ, ಹೇಳೋರು ಕೇಳೋರು ತಾವೇ ಎಂದು ತೀರ್ಮಾನ ಮಾಡಿಕೊಂಡು ಮನೆಗೆ ಬಂದರು. ಸತ್ಯಾಗೆ ಮೂವತ್ತಾರು ದಾಟಿತ್ತು. ಮದುವೆಯ ಮಾತು ಎತ್ತಿದವರೆಲ್ಲ ಎತ್ತಿ ಎತ್ತಿ ಸುಸ್ತಾಗಿ ಬಿಟ್ಟಿದ್ದರು. ತನ್ನ ದುಡಿಮೆ, ತನ್ನ ಕಾರು, ಇವರಪ್ಪಣೆ ಯಾರಿಗೆ ಬೇಕು ಎಂಬುದು ಅವಳ ಲೆಕ್ಕ.

ಕಾಂಕ್ರೀಟು ಒಣಗಿದ ಮೇಲೆ ಸತ್ಯಾ ಹೋಗಿ ಕೇಳಿದಳು. ದೊಡ್ಡಪ್ಪ ಜಗಲಿಯ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು, ಬಿಳಿ ಮೀಸೆಯ ತುದಿಯನ್ನು ತಿರುವುತ್ತ ಕೂತಿದ್ದರು. ಆ ಮೀಸೆ ಸುತ್ತಮುತ್ತಲ ಹಳ್ಳಿಗಳಲ್ಲೆಲ್ಲ ಹೆಸರುವಾಸಿ.

"ದೊಡ್ಡಪ್ಪಾ, ಏನಿದು?"

"ಸ್ಪೀಡ್ ಬ್ರೇಕರ್ ಅಮ್ಮಣಿ. ಕಣ್ಣು ಕಾಣ್ಸಲ್ವಾ?"

"ಇಷ್ಟೆತ್ತರ ಯಾರು ಹಾಕ್ತಾರೆ? ನನ್ ವಂಡಿ ಹೊಟ್ಟೆ ಇದ್ರ ಮೇಲೆ ಕೂತ್ಕೊಂಬಿಡುತ್ತೆ."

"ಹಂಗಾ? ಅಯ್ಯೋ, ನನ್ಗೆ ಅದು ತೋಚ್ಲೇ ಇಲ್ಲ ನೋಡು."

"ಭಾನುವಾರ ನಾನು ಟ್ರ್ಯಾಕ್‌ನಲ್ಲಿ ಇರ್ಬೇಕು."

"ಇರು. ನಡ್ಕೊಂಡು ಹೋಗು, ಬಸ್ ಹತ್ತಿ ಹೋಗು. ಬೇಡ ಅಂದೋರು ಯಾರು?" ದೊಡ್ಡಪ್ಪ ನಕ್ಕರು. ಆಮೇಲೆ ನಗು ನಿಂತಿತು. "ಕೇಳು ಅಮ್ಮಣಿ. ಭಾನುವಾರದೊಳಗೆ ಆ ವಂಡಿ ನನ್ ಬಾಗ್ಲು ದಾಟಿದ್ರೆ ಈ ಮೀಸೆ ತೆಗೀತೀನಿ. ದಾಟ್ಲಿಲ್ಲಾಂದ್ರೆ, ನಾನು ಕರ್ಕೊಂಬರೋ ಆಳಿಗೆ ಅದನ್ನ ಮಾರ್ಬೇಕು. ಆಮೇಲೆ ರೇಸು ಗೀಸು ಅಂತ ಬಾಯಿ ಬಿಡ್ಬಾರ್ದು. ಸರಿಯಾ?"

ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೋಗಿ ಯೋಚನೆ ಮಾಡಿ ಹೇಳುತ್ತೇನೆ ಅನ್ನುತ್ತಿದ್ದರು. ಸತ್ಯಾಳ ನಾಲಿಗೆಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? "ಸರಿ" ಅಂದಳು. ಆಡಿದ ಮಾತು ಆಡಿಯಾಗಿತ್ತು.

ಮನೆಯಲ್ಲಿ ಅವಳ ತಾಯಿ ಜಾನಮ್ಮ ಹಣೆ ಚಚ್ಚಿಕೊಂಡರು. "ಆ ಕಾರ್ ಮಾರ್ಬಿಡು ಕಣ್ಣೇ. ಯಾಕೆ ಈ ಸಂಕಟ? ಅವರ ಹತ್ರ ಎದುರು ನಿಂತು ಗೆದ್ದೋರು ಯಾರಿದಾರೆ?" ಜಾನಮ್ಮ ಹೀಗೆ ಅನ್ನುವುದರಲ್ಲಿ ಆಶ್ಚರ್ಯವೇನಿಲ್ಲ. ಆ ಮನೆತನದಲ್ಲಿ ಸೊಸೆಯಾದವಳು ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವ ಹಾಗಿಲ್ಲ. ಜಾನಮ್ಮ ಆ ಮನೆಗೆ ಕಾಲಿಟ್ಟ ದಿನದಿಂದ ಇವತ್ತಿನವರೆಗೆ ಭಾವನಿಗೆ ಹೇಳಬೇಕಾದದ್ದನ್ನೆಲ್ಲ ಕೋಳಿಗೆ ಹೇಳಿದ್ದಾರೆ, ಗೋಡೆಗೆ ಹೇಳಿದ್ದಾರೆ, ನುಗ್ಗೆಮರಕ್ಕೆ ಹೇಳಿದ್ದಾರೆ. 'ಕೇಳಿಸ್ತಾ ಕೋಳಿ, ಕಾಲುವೆ ನೀರು ಈ ಸಲ ನಮ್ಮ ಪಾಲಿಗೆ ಬಂದಿಲ್ಲ' ಅಂತ ಗಟ್ಟಿಯಾಗಿ ಅಂದರೆ, ಆ ಕಡೆಯಿಂದ ವೆಂಕಟಾಚಲಂ 'ನಾಳೆ ಬರುತ್ತೆ ಅಂತ ಹೇಳು' ಅಂತ ಗಾಳಿಗೆ ಹೇಳುತ್ತಾರೆ. ಶಣ್ಮುಗಂ ಸತ್ತಾಗಲೂ ಹೀಗೇ ನಡೆದಿತ್ತು. ಸತ್ಯಾಗೆ ಅದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಹಲಗೆಗಳನ್ನು ಹಾಸಿ ಕಾರು ದಾಟಿಸಲು ನೋಡಿದ್ದಾಯಿತು. ಮೂತಿ ದಾಟಿತು, ಹೊಟ್ಟೆ ದಾಟಲಿಲ್ಲ. ಕೆಟ್ಟ ಗಾಡಿಗಳನ್ನು ಎತ್ತಿಕೊಂಡು ಹೋಗುವ ಲಾರಿಯವನನ್ನು ಕರೆಸಿದ್ದಾಯಿತು. ಓಣಿಯ ಬಾಯಿಯಲ್ಲೇ ಅವನ ಲಾರಿಯ ಕನ್ನಡಿ ಗೋಡೆಗೆ ತಾಗಿ, ಆಗಲ್ಲಮ್ಮ ಅಂತ ಹಿಂದಕ್ಕೆ ಹೋದ. ಉಳಿದದ್ದು ಒಂದೇ ದಾರಿ. ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಎಳೆಯುವ, ಓಣಿಯಲ್ಲಿ ಹಿಡಿಸುವ ಒಂದು ಟ್ರೇಲರು ಬೇಕು. ಮನೆಯ ಅಂಗಳದಲ್ಲೇ ಕಾರನ್ನು ಅದರ ಮೇಲೆ ಹತ್ತಿಸಿಕೊಂಡು ದೊಡ್ಡಪ್ಪನ ಬಾಗಿಲ ಮುಂದೆಯೇ ಹೋಗಬೇಕು. ಟ್ರ್ಯಾಕಿನಲ್ಲಿ ಇಳಿಸುವುದಕ್ಕೆ ಚಿಂತೆಯಿಲ್ಲ, ಅಲ್ಲಿ ಅದಕ್ಕೆಂದೇ ಕಟ್ಟೆ ಇದೆ.

ಟ್ರೇಲರು ಅಂದರೆ ಗಣಪತಿಯ ಮುರುಗೇಶನ್. ರೈತರ ಟ್ರ್ಯಾಕ್ಟರಿಗೆ, ಜನರೇಟರಿಗೆ, ಮದುವೆ ಮೆರವಣಿಗೆಯ ರಥಕ್ಕೆ ಬೇಕಾದ ಎಲ್ಲ ನಮೂನೆಯ ಟ್ರೇಲರುಗಳೂ ಅವರ ಯಾರ್ಡಿನಲ್ಲಿ ನಿಂತಿರುತ್ತವೆ. ಸತ್ಯಾ ಹೋಗುವಾಗ ಜೊತೆಗೆ ಹಿನಾಳನ್ನು ಕರೆದುಕೊಂಡಳು. ಹಿನಾ ದಾವಣಗೆರೆಯ ಹುಡುಗಿ, ಕೊಯಮತ್ತೂರಿನ ಒಂದು ಪಂಪ್ ಕಾರ್ಖಾನೆಯಲ್ಲಿ ಇಂಜಿನಿಯರು, ಅದೇ ಊರಿನ ಆರ್.ಎಸ್. ಪುರಂನಲ್ಲಿ ಬಾಡಿಗೆಗೆ ಇದ್ದಾಳೆ. ಒಂದು ದಿನ ಟೀ ಅಂಗಡಿಯಲ್ಲಿ ಅವಳು ಫೋನಿನಲ್ಲಿ ಕನ್ನಡ, ಸತ್ಯಾಳ ಮನೆಮಾತು, ಮಾತಾಡುತ್ತಿದ್ದದ್ದು ಕಿವಿಗೆ ಬಿದ್ದು ಸತ್ಯಾ ತಾನಾಗಿಯೇ ಹೋಗಿ ಮಾತಾಡಿಸಿದ್ದಳು. ಅಂದಿನಿಂದ ಸತ್ಯಾಳ ಕಾರಿಗೆ ಟ್ರ್ಯಾಕಿನಲ್ಲಿ ಗಡಿಯಾರ ಹಿಡಿಯುವವಳು ಹಿನಾಳೇ.

ಪಂಪಿನ ಊರು ಕೊಯಮತ್ತೂರು, ಅಲ್ಲಿನವರ ಬುದ್ಧಿ ನೋಡಿ. ಎರಕ ಹೊಯ್ಯುವುದಕ್ಕೆ ಮೊದಲು ಮರದ ಅಚ್ಚು ಮಾಡಿಕೊಳ್ಳುವುದು ಅವರಿಗೆ ಅಭ್ಯಾಸ. ಆ ಅಭ್ಯಾಸದಂತೆ, ಯಾರ್ಡಿಗೆ ಹೋಗುವ ಮೊದಲೇ, ಇಬ್ಬರೂ ಸೇರಿ ಪ್ಲೈವುಡ್ಡಿನಲ್ಲಿ ಕಾರಿನ ಹೊಟ್ಟೆಯ ಅಚ್ಚು ಕತ್ತರಿಸಿದರು. ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅದೇ ಉದ್ದ, ನೆಲದಿಂದ ಅದೇ ನಾಲ್ಕು ಬೆರಳು, ಚಕ್ರ ಇರುವ ಕಡೆ ಎರಡು ಚಕ್ರ. ಅದನ್ನು ಒಂದೊಂದು ಟ್ರೇಲರಿನ ಮೇಲೂ ಉರುಳಿಸಿ ನೋಡುವುದು, ಎಲ್ಲೂ ಉಜ್ಜದಿದ್ದರೆ ಆ ಟ್ರೇಲರೇ ಗಟ್ಟಿ.

ಮುರುಗೇಶನ್ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮಾತೆಲ್ಲ ತಮಿಳಿನಲ್ಲೇ. "ಇದೇನಮ್ಮಣಿ, ಗೋಡೆ ಹಲ್ಲಿಗೆ ಚಕ್ರ ಕಟ್ಟಿದೀರಾ? ಇದಕ್ಕೆ ಸರಿಯಾದ್ದು ಅಂದ್ರೆ ಹಾಸೇ ಹಿಂದಕ್ಕೆ ಬಾಗೋ ಟ್ರೇಲರು. ಆದ್ರೆ ಈಗ ಕೈಯಲ್ಲಿ ಇಲ್ಲ. ಮಾಡಿಕೊಡೋಕೆ ತಿಂಗಳು ಬೇಕು."

ತಿಂಗಳು ಯಾರ ಹತ್ತಿರ ಇತ್ತು? ಮೊದಲು ಪೆಟ್ಟಿಗೆಯ ಹಾಗೆ ಮುಚ್ಚಿದ ಟ್ರೇಲರು ನೋಡಿದರು. ಮಳೆ ಬಿಸಿಲಿಗೆ ಒಳ್ಳೆಯದೇ, ಆದರೆ ಕಾರು ಒಳಗೆ ಹೋದಮೇಲೆ ಬಾಗಿಲು ತೆಗೆಯುವುದಕ್ಕೆ ಜಾಗವಿಲ್ಲ. ಓಡಿಸಿದವಳು ಒಳಗೇ ಕೂತಿರಬೇಕು. ಆಮೇಲೆ ಉದ್ದನೆಯ, ಎತ್ತರದ, ಬರೀ ಹಾಸಿನ ಟ್ರೇಲರು. ಟ್ರ್ಯಾಕ್ಟರು ಸಾಗಿಸುವ ಜಾತಿಯದು. ಅದರ ಹಿಂದಿನ ಇಳಿಜಾರು ಹಲಗೆಗಳ ಮೇಲೆ ಅಚ್ಚನ್ನು ಉರುಳಿಸಿದರೆ ಮೂತಿ ಹೋಗಿ ಟಕ್ಕೆಂದು ಕುಟ್ಟಿತು. ಕೊನೆಗೆ ಸಣ್ಣ ಚಕ್ರಗಳ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ನಿಂತಿದ್ದ ತಗ್ಗಿನ ಟ್ರೇಲರು. ಅಚ್ಚು ಬೆಣ್ಣೆಯಲ್ಲಿ ಜಾರಿದಂತೆ ಸರಾಗವಾಗಿ ಹತ್ತಿತು. ಸತ್ಯಾ ಚಪ್ಪಾಳೆ ತಟ್ಟಿದಳು. "ಇದೇ! ಕಟ್ಟಿ ಪಿಕಪ್ಪಿಗೆ!"

ಅಯ್ಯೋ ಪುಣ್ಯಾತ್ಗಿತ್ತಿ, ಕಾರಿಗೆ ಅಚ್ಚು ಮಾಡಿದೆ ಸರಿ, ಆ ಟ್ರೇಲರಿಗೆ ಯಾರು ಅಚ್ಚು ಮಾಡಬೇಕಿತ್ತು? ಆ ಯಾರ್ಡಿನಲ್ಲಿ ಅಷ್ಟು ಹೊತ್ತು ಕಳೆದ ಮೂವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಮೂವರೂ ಕಾರನ್ನೇ ನೋಡುತ್ತಿದ್ದರು.

ಮಧ್ಯಾಹ್ನ ಟ್ರೇಲರನ್ನು ಎಳೆದುಕೊಂಡು ಓಣಿಗೆ ಬಂದಳು. ದೊಡ್ಡಪ್ಪ ಜಗಲಿಯ ಮೇಲೇ ಇದ್ದರು. ಪಿಕಪ್ಪಿನ ಮುಂದಿನ ಚಕ್ರ ಉಬ್ಬು ದಾಟಿತು. ಹಿಂದಿನ ಚಕ್ರ ಉಬ್ಬನ್ನು ಏರಿತು, ಆಗ ಹಿಂದಿನಿಂದ ಕರ್ರ್ ಎಂದು ಟಾರು ಗೀಚಿದ ಸದ್ದು ಬಂತು. ಇನ್ನೊಂದು ಚೂರು ಮುಂದೆ ಹೋದಳು. ಢಬ್! ಟ್ರೇಲರು ಉಬ್ಬಿನ ಮೇಲೆ ಹೊಟ್ಟೆ ಕೊಟ್ಟು ಕೂತುಬಿಟ್ಟಿತು. ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು.

ದೊಡ್ಡಪ್ಪ ನಕ್ಕರಲ್ಲ, ಆ ನಗು ಪಲ್ಲಡಂ ರಸ್ತೆಯವರೆಗೂ ಕೇಳಿಸಿರಬೇಕು. ತೋಟದ ಆಳುಗಳು ಬಂದು ನೋಡಿದರು, ಹಾಲಿನವನು ಮೊಪೆಡ್ ನಿಲ್ಲಿಸಿ ನೋಡಿದ. ದೊಡ್ಡಪ್ಪ ಕಣ್ಣೊರೆಸಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಎಲ್ಲಾ ನನ್ ತಮ್ಮ ಮಾಡಿದ ಕೆಲ್ಸ. ಹೆಣ್ಣು ಕೂಸಿನ ಕೈಗೆ ಸೌಟು ಕೊಡೋ ಬದ್ಲು ಸ್ಪ್ಯಾನರ್ ಕೊಟ್ಟ. ಅವ್ನು ಹೋದ, ಈ ಅವಮಾನ ಯಾರಪ್ಪಾ ಅನುಭವಿಸ್ಬೇಕು?"

ಓಣಿಯ ಕೊನೆಯಲ್ಲಿ ಗೇಟು ಹಿಡಿದುಕೊಂಡು ನಿಂತಿದ್ದ ಜಾನಮ್ಮನಿಗೆ ಅದು ಕೇಳಿಸಿತು. ಅವರ ಕಾಲ ಬಳಿ ಕೋಳಿ ಇತ್ತು, ಪಕ್ಕದಲ್ಲಿ ಗೋಡೆ ಇತ್ತು. ಎಂದಿನಂತೆ ಅವುಗಳಿಗೆ ಏನಾದರೂ ಹೇಳಬಹುದಿತ್ತು. ಆದರೆ ತುಟಿ ಕಚ್ಚಿಕೊಂಡು ಒಳಗೆ ಹೋದರು.

ಜ್ಯಾಕು ಕೊಟ್ಟು, ಇಟ್ಟಿಗೆ ಇಟ್ಟು, ಟ್ರೇಲರನ್ನು ಬಿಡಿಸುವ ಹೊತ್ತಿಗೆ ಸತ್ಯಾಳ ಅಂಗಿಯೆಲ್ಲ ಬೆವರು. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ತನ್ನ ಮೇಲೆಯೇ ಸಿಟ್ಟು. ಕಾರು ಕೈತಪ್ಪಿ ಹೋಗುತ್ತದೆ ಎಂದು ಅವಳಿಗೆ ಮೊದಲ ಸಲ ನಿಜವಾಗಿ ಅನಿಸಿತು. ಯಾವನೋ ಬಂದು ಅದರ ಬಾಗಿಲು ತೆಗೆದು ಕೂತು, ಗೇರನ್ನು ಕರಕರ ಅನ್ನಿಸಿಕೊಂಡು ಹೊರಟು ಹೋಗುತ್ತಾನೆ. ತಾನು ಗೇಟಿನ ಬಳಿ ನಿಂತು ನೋಡುತ್ತಿರಬೇಕು. ಅಳು ಕಾಣಿಸಬಾರದೆಂದು ತಲೆ ತಗ್ಗಿಸಿದಳು.

ತಗ್ಗಿಸಿದ ಕಣ್ಣಿಗೆ ಬಿದ್ದದ್ದು ಟಾರಿನ ಮೇಲಿನ ಗೀರು. ಕರ್ರ್ ಎಂದದ್ದು ಅದೇ. ಹೊಸದಾಗಿ, ಬೆಳ್ಳಗೆ ಹೊಳೆಯುತ್ತಿತ್ತು. ಇದು ಇಲ್ಲಿ ಹೇಗೆ ಬಂತು? ಆಗ ಟ್ರೇಲರು ಇನ್ನೂ ಉಬ್ಬಿನ ಹತ್ತಿರವೂ ಬಂದಿರಲಿಲ್ಲ, ಸಮ ನೆಲದ ಮೇಲಿತ್ತು. ಉಬ್ಬಿನ ಮೇಲಿದ್ದದ್ದು ಪಿಕಪ್ಪಿನ ಹಿಂದಿನ ಚಕ್ರ ಮಾತ್ರ. ಪಿಕಪ್ಪಿನ ಹಿಂಭಾಗ ಮೇಲೆದ್ದಿತು, ಅದಕ್ಕೆ ಕಟ್ಟಿದ್ದ ಟ್ರೇಲರಿನ ಮೂಗೂ ಮೇಲೆದ್ದಿತು. ಮೂಗು ಎದ್ದರೆ ಬಾಲ ಏನು ಮಾಡುತ್ತದೆ? ಇಳಿಯುತ್ತದೆ. ನೆಲ ಗೀಚುವಷ್ಟು ಇಳಿದಿತ್ತು.

ಸತ್ಯಾ ಗೀರಿನ ಮೇಲೆ ಬೆರಳಾಡಿಸಿದಳು. ಆಮೇಲೆ ದೊಡ್ಡಪ್ಪನ ಕಡೆ ನೋಡಿ, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು, ತನ್ನ ಕೈಯಿಂದ ಗೇಣು ಹಾಕಿ ಉಬ್ಬಿನ ಎತ್ತರ ಅಳೆದಳು.

"ಏನ್ ಅಳವು ತಗೀತಿದೀಯಾ ಅಮ್ಮಣಿ?" ದೊಡ್ಡಪ್ಪ ಕೇಳಿದರು.

"ಚೆನ್ನಾಗಿ ಕಟ್ಸಿದೀರಾ ದೊಡ್ಡಪ್ಪಾ" ಅಂದಳು. "ಗಟ್ಟಿ ವೇಲೆ, ಒಳ್ಳೇ ಕೆಲ್ಸ."

ಮಾರನೆಯ ದಿನ ಮುರುಗೇಶನ್ ಯಾರ್ಡಿನಲ್ಲಿ ಅವಳು ಕೇಳಿದ್ದು ಆ ಎತ್ತರದ ಟ್ರ್ಯಾಕ್ಟರ್ ಟ್ರೇಲರನ್ನು. ಮುರುಗೇಶನ್ ಕೈಯಾಡಿಸಿಬಿಟ್ಟರು. "ನಿನ್ನೆ ತಾನೇ ಮೂತಿ ಕುಟ್ಟಿದ್ದು ನೋಡಿಲ್ವಾ? ಬೇರೆಯವರಿಗಾದ್ರೆ ಕೊಟ್ಟು ಕಳಿಸಿಬಿಡ್ತಿದ್ದೆ. ನಿಮಗೆ ಕೊಡಲ್ಲ, ಕಾರು ಹಾಳಾಗುತ್ತೆ."

"ಮೊದ್ಲು ಆ ಕಲ್ಲುಗಳನ್ನ ತನ್ನಿ ಅಣ್ಣ."

ಮೂಲೆಯಲ್ಲಿದ್ದ ಸಿಮೆಂಟ್ ಕಲ್ಲುಗಳನ್ನು ತನ್ನ ಗೇಣಿನ ಅಳತೆಗೆ ಸರಿಯಾಗಿ ಜೋಡಿಸಿ, ಎರಡೂ ಕಡೆ ತುಂಡು ಹಲಗೆ ಕೊಟ್ಟು, ಪಿಕಪ್ಪಿನ ಹಿಂದಿನ ಚಕ್ರಗಳನ್ನು ಅವುಗಳ ಮೇಲೆ ಹತ್ತಿಸಿದಳು. ಟ್ರೇಲರಿನ ಮೂಗು ಎದ್ದಿತು, ಬಾಲ ಇಳಿಯಿತು. ಉದ್ದದ ಇಳಿಜಾರು ಹಲಗೆಗಳನ್ನು ಸಿಕ್ಕಿಸಿದರೆ ಅವು ಈಗ ಮಲಗಿದಂತೆ ಚಾಚಿಕೊಂಡವು. ಹಿನಾ ಪ್ಲೈವುಡ್ ಅಚ್ಚನ್ನು ನಿಧಾನಕ್ಕೆ ಉರುಳಿಸಿದಳು. ಮೂತಿ ಹತ್ತಿರ ಬಂತು, ಇನ್ನೇನು ಕುಟ್ಟುತ್ತದೆ ಅನ್ನುವಾಗ ಒಂದು ಬೆರಳಿನಷ್ಟು ಜಾಗ ಬಿಟ್ಟು ಮೇಲೇರಿತು. ಹೊಟ್ಟೆಯೂ ದಾಟಿತು. ಹಾಸಿನ ಮೇಲೆ ಹೋಗಿ ಸುಮ್ಮನೆ ನಿಂತಿತು.

ಮುರುಗೇಶನ್ ಬಗ್ಗಿ ನೋಡಿದರು, ಎದ್ದು ನೋಡಿದರು, ತಲೆ ಕೆರೆದುಕೊಂಡರು. "ಸರಿ, ಇಲ್ಲಿ ಕಲ್ಲಿದೆ. ನಿಮ್ಮೂರಲ್ಲಿ ನಿಮಗೆ ಕಲ್ಲು ಇಟ್ಟುಕೊಡೋರು ಯಾರು?"

"ನಮ್ಮ ದೊಡ್ಡಪ್ಪ ಆಗ್ಲೇ ಇಟ್ಟಿದಾರೆ" ಅಂದಳು ಸತ್ಯಾ.

ಹಿನಾಗೆ ಅರ್ಥವಾಗಿ ನಗು ತಡೆಯಲಾಗಲಿಲ್ಲ. "ಸತ್ಯಕ್ಕಾ, ಅವರು ಸಿಕ್ಕರೆ ಕೈಮುಗೀತೀನಿ. ಸಿಮೆಂಟು ಅವರದು, ಕೂಲಿ ಅವರದು, ಅಳತೆ ಮಾತ್ರ ನಿಮ್ಮ ಟ್ರೇಲರಿಗೆ!"

ಶನಿವಾರ ಬೆಳಗ್ಗೆ, ದೊಡ್ಡಪ್ಪ ಕಾಫಿ ಲೋಟ ಹಿಡಿದು ಜಗಲಿಗೆ ಬರುವ ಹೊತ್ತಿಗೆ, ಎತ್ತರದ ಟ್ರೇಲರು ಉಬ್ಬಿಗೆ ಹೊಟ್ಟೆ ತಾಗಿಸದೆ ದಾಟಿ, ಸತ್ಯಾಳ ಅಂಗಳದಲ್ಲಿ ಒಂದು ಸುತ್ತು ಹೊಡೆದು, ರಸ್ತೆಯ ಕಡೆ ಮುಖ ಮಾಡಿಕೊಂಡು ಮರಳಿ ಬರುತ್ತಿತ್ತು. ಅವರು ನಸುನಗುತ್ತ ನೋಡಿದರು. ಇಷ್ಟೆತ್ತರದ ಟ್ರೇಲರಿಗೆ ಆ ಹಲ್ಲಿಯಂಥ ಕಾರನ್ನು ಹತ್ತಿಸುವುದು ಯಾರಿಂದಲೂ ಆಗದು ಎಂದು ಅವರಿಗೂ ಗೊತ್ತಿತ್ತು. ಅವರೂ ಟ್ರ್ಯಾಕ್ಟರು ಓಡಿಸಿದವರೇ.

ಪಿಕಪ್ಪು ಬಂತು. ಮುಂದಿನ ಚಕ್ರ ಉಬ್ಬು ದಾಟಿತು. ಹಿಂದಿನ ಚಕ್ರ ಉಬ್ಬಿನ ನೆತ್ತಿಯ ಮೇಲೆ ಏರಿ ಅಲ್ಲೇ ನಿಂತಿತು. ಸತ್ಯಾ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು ಇಳಿದಳು. ಹಿನಾ ಇಳಿಜಾರು ಹಲಗೆಗಳನ್ನು ಸಿಕ್ಕಿಸಿದಳು. ಓಣಿಯ ಕೊನೆಯಲ್ಲಿ ನೀಲಿ ಕಾರು ಗುರುಗುಟ್ಟಿತು. ಗೋಡೆಗಳ ನಡುವೆ ಆ ಸದ್ದು ಎದ್ದು ಬಂದಾಗ ತೋಟದ ಆಳುಗಳೆಲ್ಲ ಕೆಲಸ ಬಿಟ್ಟು ಓಡಿಬಂದರು.

"ಬನ್ನಿ, ಬನ್ನಿ, ಇನ್ನೂ ಬನ್ನಿ" ಹಿನಾ ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತ ಕೈಬೀಸಿದಳು. ಸತ್ಯಾ ಉಸಿರು ಹಿಡಿದು ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಟ್ಟಳು. ಮೂತಿಯ ಕೆಳಗೆ ಒಂದು ಬೆರಳು. ಹೊಟ್ಟೆಯ ಕೆಳಗೆ ಒಂದು ಬೆರಳು. ಮುಂದಿನ ಚಕ್ರಗಳು ಹಾಸು ಮುಟ್ಟಿದವು, ಹಿಂದಿನವು ಏರಿದವು, ಕಾರು ಟ್ರೇಲರಿನ ಮೇಲೆ ನಿಂತಿತು. ಎಲ್ಲಿಯೂ ಒಂದು ಗೀರು ಇಲ್ಲ.

ಕಾಫಿ ಲೋಟ ಜಗಲಿಯ ಮೇಲೆ ಟಣ್ಣೆಂದಿತು. ದೊಡ್ಡಪ್ಪನಿಗೆ ಈಗ ತಿಳಿದಿತ್ತು. ತಮ್ಮ ಉಬ್ಬು, ತಾವು ನಿಂತು ಕಟ್ಟಿಸಿ ನೀರು ಹಾಕಿಸಿದ ಉಬ್ಬು, ಆ ಹುಡುಗಿಯ ಗಾಡಿಗೆ ಹೆಗಲು ಕೊಡುತ್ತಿದೆ! "ಡೇಯ್!" ಅವರು ಆಳಿಗೆ ಕೂಗಿದರು. "ಹಾರೆ ತಗೊಂಬಾ! ಒಡ್ದಾಕು ಇದನ್ನ! ಈಗ್ಲೇ!"

ಆಳು ಹಾರೆ ತಂದ. ಸತ್ಯಾ ಟ್ರೇಲರಿನ ಮೇಲಿನಿಂದ, ಚಕ್ರಕ್ಕೆ ಪಟ್ಟಿ ಬಿಗಿಯುತ್ತಲೇ ಹೇಳಿದಳು: "ಒಡೀರಿ ದೊಡ್ಡಪ್ಪಾ. ಪಿಕಪ್ ಬೇಕಾದ್ರೆ ಮುಂದಕ್ಕೆ ತಗೀತೀನಿ. ಉಬ್ಬು ಹೋದ್ರೆ ಟ್ರೇಲರ್ ಯಾಕೆ ನನ್ಗೆ? ಕಾರನ್ನ ಇಳ್ಸಿ ಓಡಿಸ್ಕೊಂಡೇ ಹೋಗ್ತೀನಿ. ಉಬ್ಬು ಇದ್ರೆ ಹಿಂಗೆ ಹೋಗ್ತೀನಿ. ಹೇಗೆ ಹೋಗ್ಬೇಕು, ನೀವೇ ಹೇಳ್ಬಿಡಿ."

ಆಳು ಹಾರೆಯನ್ನು ಎತ್ತಿದವನು ಯಜಮಾನರ ಮುಖ ನೋಡಿದ. ಯಜಮಾನರು ಉಬ್ಬಿನ ಮುಖ ನೋಡಿದರು. ಯಾರೋ ಕಿಸಕ್ಕೆಂದರು. ಹಾರೆ ನಿಧಾನವಾಗಿ ಕೆಳಗಿಳಿಯಿತು.

ಅಷ್ಟಕ್ಕೆ ಸೋಲೊಪ್ಪುವ ಜೀವವಲ್ಲ ಅದು. ವೆಂಕಟಾಚಲಂ ಜಗಲಿಯಿಂದ ಬೆತ್ತದ ಕುರ್ಚಿಯನ್ನು ತಾವೇ ಎಳೆದುಕೊಂಡು ಬಂದು, ಪಿಕಪ್ಪಿನ ಮುಂದೆ, ಓಣಿಯ ನಟ್ಟನಡುವೆ ಹಾಕಿ ಕೂತುಬಿಟ್ಟರು. ಕಾಲ ಮೇಲೆ ಕಾಲು. ಮೀಸೆಯ ಮೇಲೆ ಕೈ. "ಈಗ ಹೋಗು. ನನ್ ಮೇಲೆ ಹತ್ತಿಸ್ಕೊಂಡು ಹೋಗು ನೋಡೋಣ."

ಎಪ್ಪತ್ತು ದಾಟಿದ ಹಿರಿಯ ಮನುಷ್ಯ. ಆಳುಗಳು ಮುಟ್ಟುವಂತಿಲ್ಲ, ಸತ್ಯಾ ತಳ್ಳುವಂತಿಲ್ಲ. ಪಿಕಪ್ಪಿಗೆ ಬಂದು ಸ್ಟೀರಿಂಗ್ ಹಿಡಿದು ಕೂತ ಸತ್ಯಾಗೆ ಹಾರ್ನ್ ಒತ್ತುವುದಕ್ಕೂ ಮನಸ್ಸು ಬರಲಿಲ್ಲ. ಎಲ್ಲ ಸರಿಯಾಗಿ ಬಂದು, ಕಾಂಕ್ರೀಟನ್ನೇ ಗೆದ್ದು, ಒಂದು ಬೆತ್ತದ ಕುರ್ಚಿಗೆ ಸೋಲಬೇಕೇ? ಇಂಥ ಅನ್ಯಾಯ ಎಲ್ಲಾದರೂ ಉಂಟೇ? "ದೊಡ್ಡಪ್ಪಾ, ಎದ್ದೇಳಿ" ಅಂದಳು. ಅವರು ಆಕಾಶ ನೋಡಿದರು.

ಆಗ ಗೇಟು ಕಿರ್ರೆಂದ ಸದ್ದು ಕೇಳಿಸಿತು. ಜಾನಮ್ಮ ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು, ಕೈಯಲ್ಲಿ ಇನ್ನೂ ದೋಸೆ ಹಿಟ್ಟು ಅಂಟಿತ್ತು. ಟ್ರೇಲರಿನ ಪಕ್ಕ ಗೋಡೆಗೆ ಒರಗಿಕೊಂಡು ದಾಟಿದರು, ಉಬ್ಬನ್ನು ದಾಟಿದರು, ಪಿಕಪ್ಪನ್ನು ದಾಟಿದರು. ಕುರ್ಚಿಯ ಎದುರಿಗೆ, ಎರಡು ಮಾರು ದೂರದಲ್ಲಿ ನಿಂತರು. ಅಷ್ಟು ಹತ್ತಿರ ಅವರು ಎಂದೂ ನಿಂತಿರಲಿಲ್ಲ.

"ಭಾವಾ" ಅಂದರು.

ವೆಂಕಟಾಚಲಂ ತಿರುಗಿ ಹಿಂದೆ ನೋಡಿದರು. ಯಾರನ್ನು ಕರೆದದ್ದು? ಅಲ್ಲಿ ಕೋಳಿ ಇರಲಿಲ್ಲ. ನುಗ್ಗೆಮರವೂ ಇರಲಿಲ್ಲ.

"ನಿಮ್ಮನ್ನೇ ಭಾವಾ. ಎದ್ದೇಳಿ."

ಸತ್ಯಾಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಪ್ಪ ಸತ್ತ ದಿನ ಕಟ್ಟಿಗೆ ಸಾಲದು ಎಂಬ ಮಾತನ್ನೂ ಗೋಡೆಗೆ ಹೇಳಿದ್ದ ಅಮ್ಮ!

"ಇಷ್ಟ್ ವರ್ಷ ನಿಮ್ಗೆ ಹೇಳೋದನ್ನೆಲ್ಲ ಗೋಡೆಗೆ ಹೇಳ್ದೆ" ಜಾನಮ್ಮನ ದನಿ ನಡುಗಿತು, ಆದರೆ ನಿಲ್ಲಲಿಲ್ಲ. "ಮೊನ್ನೆ ಎಲ್ಲಾರ ಮುಂದೆ ನನ್ ಯಜಮಾನರನ್ನ ಅಂದ್ರಿ. ಹೌದು, ಅವಳ ಕೈಗೆ ಸ್ಪ್ಯಾನರ್ ಕೊಟ್ರು. ಅದ್ರಿಂದ್ಲೇ ಅವ್ರು ಹೋದ್ಮೇಲೆ ಈ ಮನೇಲಿ ಒಲೆ ಉರೀತು. ನಾನು ಮಾರ್ಬಿಡು ಅಂತ ಅವಳಿಗೆ ಹೇಳಿದ್ದೆ, ಹೆದ್ರಿ ಹೇಳಿದ್ದೆ. ಇನ್ಮೇಲೆ ಹೇಳಲ್ಲ. ದಾರಿ ಬಿಡಿ. ನನ್ ಮಗಳು ಹೋಗ್ಬೇಕು."

ವೆಂಕಟಾಚಲಂ ಬಾಯಿ ತೆರೆದರು. ಏನೋ ಹೇಳಬೇಕು. ಆದರೆ ಯಾರಿಗೆ ಹೇಳುವುದು? ಗಾಳಿಗೆ ಹೇಳಿ ಅಭ್ಯಾಸವಾದ ನಾಲಿಗೆ ಅದು, ಎದುರಿಗೆ ನಿಂತ ತಮ್ಮನ ಹೆಂಡತಿಗೆ ಹೇಳುವ ಮಾತನ್ನು ಅದು ಒಂದು ದಿನವೂ ಕಲಿತಿರಲಿಲ್ಲ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಕೈ ಮೀಸೆಯಿಂದ ಜಾರಿತು. ಎದ್ದರು. ಕುರ್ಚಿಯನ್ನು ಎತ್ತಿಕೊಳ್ಳಲು ಆಳು ಓಡಿಬಂದರೆ ಅವನನ್ನು ತಳ್ಳಿ, ತಾವೇ ಎತ್ತಿಕೊಂಡು ಜಗಲಿಯ ಕಡೆ ಹೋದರು.

ಸತ್ಯಾ ಅಡ್ಡ ಕಲ್ಲುಗಳನ್ನು ತೆಗೆಸಿದಳು. ಹಿನಾ ಇಳಿಜಾರು ಹಲಗೆಗಳನ್ನು ಟ್ರೇಲರಿಗೆ ಎತ್ತಿ ಹಾಕಿ ಪಿಕಪ್ಪಿನ ಹಿಂದಿನ ಸೀಟಿಗೆ ನುಗ್ಗಿದಳು. ಜಾನಮ್ಮ ಯಾರನ್ನೂ ಕೇಳದೆ ಪಿಕಪ್ಪಿನ ಮುಂದಿನ ಬಾಗಿಲು ತೆಗೆದು, ಹಿಟ್ಟಿನ ಕೈಯಲ್ಲೇ ಕಂಬಿ ಹಿಡಿದು ಹತ್ತಿ ಮಗಳ ಪಕ್ಕ ಕೂತರು. "ಅಮ್ಮಾ, ನೀನೆಲ್ಲಿಗೆ?" "ನೋಡ್ಬೇಡ್ವಾ ನಾನು? ಎರಡನೇದು ಬಂದ್ಯಂತೆ. ಈ ಸಲ ಏನ್ ಮಾಡ್ತೀಯೋ ನೋಡ್ತೀನಿ. ನಡಿ."

ಪಿಕಪ್ಪಿನ ಹಿಂದಿನ ಚಕ್ರ ಉಬ್ಬಿನಿಂದ ಇಳಿಯಿತು. ಟ್ರೇಲರಿನ ಚಕ್ರಗಳು ಏರಿದವು, ನೀಲಿ ಕಾರು ದೊಡ್ಡಪ್ಪನ ಬಾಗಿಲ ಎದುರಿಗೆ ಒಂದು ಸಲ ತಲೆದೂಗಿ, ಇಳಿದು, ಆಚೆ ಬಂತು. ದಾಟಿತು! ತೋಟದ ಆಳುಗಳು ಯಜಮಾನರನ್ನೂ ಮರೆತು ಸಿಳ್ಳೆ ಹೊಡೆದರು. ಸತ್ಯಾಗೆ ಗಟ್ಟಿಯಾಗಿ ಅಳು ಬಂತು, ಈ ಸಲ ಮುಚ್ಚಿಡಲಿಲ್ಲ.

ಜಗಲಿಯ ಮೇಲೆ ವೆಂಕಟಾಚಲಂ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು. ಅವರಲ್ಲಿ ಏನಿದೆಯೋ ಇಲ್ಲವೋ, ಆಡಿದ ಮಾತಿಗೆ ತಪ್ಪುವ ಬುದ್ಧಿ ಇರಲಿಲ್ಲ. ಆಳಿಗೆ, ಆದರೆ ಪಿಕಪ್ಪಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದರು: "ಲೇ, ಹೋಗಿ ನಾವಿದನನ್ನ ಕರ್ಕೊಂಬಾ. ಮೀಸೆ ತೆಗೀಬೇಕು."

ಸತ್ಯಾ ಬ್ರೇಕ್ ಒತ್ತಿದಳು. ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಜಾನಮ್ಮ ಅಷ್ಟರಲ್ಲೇ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. ಭಾವನ ಮುಖವನ್ನೇ ನೋಡಿ, ಈ ಸಲ ದನಿ ಒಂದಿಷ್ಟೂ ನಡುಗಿಸದೆ ಹೇಳಿದರು:

"ಮೀಸೆ ನಿಮ್ಗೇ ಇರ್ಲಿ ಭಾವಾ. ಆ ಉಬ್ಬು ನಮ್ಗೆ ಇರ್ಲಿ. ಇನ್ಮೇಲೆ ತಿಂಗ್ಳಿಗೊಂದ್ಸಲ ಬೇಕಾಗುತ್ತೆ."